ಎಷ್ಟಕ್ಕ ಕೇಳುತ್ತಿದ್ದ ಪ್ರಶ್ನೆ

ಅವಳಿಗೆ ಎಷ್ಟಕ್ಕ ಅನ್ನುವ ಹೆಸರು ಬಿದ್ದದ್ದು ನಾನು ಆ ಲಾಂಡ್ರಿಗೆ ಸೇರುವುದಕ್ಕೆ ತುಂಬಾ ವರ್ಷ ಮೊದಲು. ಹೆಸರಿಟ್ಟವನು ನಮ್ಮ ಬಾಯ್ಲರ್ ನೋಡಿಕೊಳ್ಳುವವನು. ಅವನು ಕೆಲಸಕ್ಕೆ ಬಂದ ಮೊದಲ ದಿನವೇ ಅವಳು ಸೊಂಟದ ಮೇಲೆ ಒದ್ದೆ ಬಟ್ಟೆಯ ಬುಟ್ಟಿ ಇಟ್ಟುಕೊಂಡು ಹತ್ತಿರ ಬಂದು, "ನಿಂಗೆ ಎಷ್ಟು ಕೊಡ್ತಾರಪ್ಪ?" ಅಂತ ಕೇಳಿದ್ದಳಂತೆ. ಯಾವ ಕಡೆಯವನು, ಮನೇಲಿ ಯಾರ್ಯಾರಿದ್ದಾರೆ, ಇದ್ಯಾವುದೂ ಇಲ್ಲ. ನೇರ ಸಂಬಳಕ್ಕೇ ಬಂದುಬಿಟ್ಟಳು. ಗುರುತಿಲ್ಲದವರು ಜೇಬಿಗೆ ಕೈ ಹಾಕಿದ ಹಾಗಾಗಿ ಅವನು ಎರಡು ಹೆಜ್ಜೆ ಹಿಂದೆ ಸರಿದನಂತೆ. ಮಧ್ಯಾಹ್ನ ಊಟಕ್ಕೆ ಕೂತಾಗ, "ಆ ಎಷ್ಟಕ್ಕ ಎಲ್ಲಿ?" ಅಂದ. ಅದೇ ಉಳಿಯಿತು. ಅವಳಿಗೂ ಬೇಜಾರಿರಲಿಲ್ಲ. ಫೋನಿನಲ್ಲಿ ಕೂಡ "ನಾನು ಎಷ್ಟಕ್ಕ ಮಾತಾಡೋದು" ಅನ್ನುತ್ತಿದ್ದಳು.

ಅವಳು ಯಾರನ್ನೂ ಬಿಟ್ಟವಳಲ್ಲ. ಬಸ್ಸಿನ ಕಂಡಕ್ಟರನ್ನು ಕೇಳಿದ್ದಾಳೆ. ಬ್ಯಾಂಕಿನಲ್ಲಿ ಹೊಸದಾಗಿ ಕೂತ ಹುಡುಗಿಯನ್ನು ಗಾಜಿನ ಸಂದಿಯಿಂದ ಕೇಳಿದ್ದಾಳೆ. ಒಂದು ಸಲ ಗಂಟಲು ನೋವು ಅಂತ ಹೋದವಳು ಡಾಕ್ಟರನ್ನೇ ಕೇಳಿಬಿಟ್ಟಳು. "ಅಲ್ಲಕ್ಕ, ಅವರನ್ನ ಹಾಗೆ ಕೇಳಬಹುದಾ?" ಅಂದರೆ, "ಬಾಯಿ ತೆಗೀರಿ ಅಂದ್ರು. ತೆಗೆದೆ. ತೆಗೆದ ಮೇಲೆ ಇದೇ ಬಂತು" ಅಂದಳು.

ಕೇಳುವ ರೀತಿಯಲ್ಲಿ ಕುಚೋದ್ಯವಾಗಲಿ ಹೊಟ್ಟೆಕಿಚ್ಚಾಗಲಿ ಇರುತ್ತಿರಲಿಲ್ಲ. ಗಂಟೆ ಎಷ್ಟಾಯಿತು ಅಂತ ಕೇಳುವಷ್ಟೇ ಸಲೀಸಾಗಿ, ತಗ್ಗಿದ ದನಿಯಲ್ಲಿ ಕೇಳುತ್ತಿದ್ದಳು. ಗಿಡ್ಡ ಆಳು. ಹಬೆಯಲ್ಲಿ ಬೆಂದು ಬೆಂದು ಮೊಣಕೈಯಿಂದ ಕೆಳಗಿನ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಬಗ್ಗಿದಾಗ ಬೀಳದಿರಲಿ ಅಂತ ಕನ್ನಡಕಕ್ಕೆ ದಾರ ಕಟ್ಟಿ ಕತ್ತಿಗೆ ಹಾಕಿಕೊಂಡಿರುತ್ತಿದ್ದಳು. ವಯಸ್ಸು ಐವತ್ತರ ಆಚೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದೊಬ್ಬ ಮಗಳನ್ನು ಲಿಫ್ಟ್ ರಿಪೇರಿ ಮಾಡುವವನಿಗೆ ಕೊಟ್ಟಿದ್ದಳು.

ನಾನು ಆ ಲಾಂಡ್ರಿಗೆ ಸೇರಿದಾಗ ನನಗೆ ಇಪ್ಪತ್ತೊಂಬತ್ತು. ಗಂಡನ ಅಂಗಡಿ ಮುಚ್ಚಿಹೋಗಿ ಮನೆ ನಡೆಯುವುದು ಕಷ್ಟವಾಗಿತ್ತು. ಅಲ್ಲಿನ ಮ್ಯಾನೇಜರು ನನ್ನ ಚಿಕ್ಕಪ್ಪನ ಸ್ನೇಹಿತರು. ಚಿಕ್ಕಪ್ಪ ಒಂದು ಮಾತು ಹೇಳಿದರು, ಕೆಲಸ ಸಿಕ್ಕಿತು. ಮ್ಯಾನೇಜರು ಒಂದು ಚೀಟಿಯ ಮೇಲೆ ಹದಿಮೂರು ಸಾವಿರ ಅಂತ ಬರೆದು, ಬಾಯಲ್ಲಿ ಹೇಳದೆ, ಮೇಜಿನ ಮೇಲೆ ನನ್ನ ಕಡೆ ತಿರುಗಿಸಿದರು. ನಾನು ತಲೆ ಆಡಿಸಿದೆ. ಅವರು ಚೀಟಿಯನ್ನು ವಾಪಸ್ ತೆಗೆದುಕೊಂಡು ಮಡಚಿ ಡ್ರಾಯರಿಗೆ ಹಾಕಿದರು.

"ಇದು ನಮ್ಮಿಬ್ಬರಲ್ಲೇ ಇರಲಿ. ಸಂಬಳದ ವಿಷಯ ಇನ್ನೊಬ್ಬರ ಹತ್ರ ಮಾತಾಡೋದು ಒಳ್ಳೇ ಅಭ್ಯಾಸ ಅಲ್ಲ" ಅಂದರು.

ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನ ಸಂಬಳ ಎಷ್ಟು ಅನ್ನುವುದು ಅಮ್ಮನಿಗೇ ಗೊತ್ತಿರಲಿಲ್ಲ. ಒಂದು ಸಲ, ಎಂಟು ವರ್ಷದವಳಿದ್ದಾಗ, ಮನೆಗೆ ಬಂದ ಅಪ್ಪನ ಸಹೋದ್ಯೋಗಿಯನ್ನು "ನಿಮಗೆ ನಮ್ಮಪ್ಪನಿಗಿಂತ ಜಾಸ್ತಿ ಸಂಬಳಾನಾ?" ಅಂತ ಕೇಳಿ ಕಿವಿ ಹಿಂಡಿಸಿಕೊಂಡಿದ್ದೆ. ಅವತ್ತಿನಿಂದ ಆ ಮಾತು ನನ್ನ ಬಾಯಲ್ಲಿ ಬಂದಿರಲಿಲ್ಲ.

ಆಸ್ಪತ್ರೆ ಮತ್ತು ಹೋಟೆಲುಗಳ ಬೆಡ್‌ಶೀಟು, ದಿಂಬಿನ ಕವರು, ಟವೆಲ್ ಒಗೆದು ಕೊಡುವ ಲಾಂಡ್ರಿ ಅದು. ಒಂದು ಕಡೆ ಒಗೆಯುವ ಯಂತ್ರಗಳು, ಮಧ್ಯದಲ್ಲಿ ಉದ್ದನೆಯ ಇಸ್ತ್ರಿ ರೋಲರು, ಕೊನೆಗೆ ಮಡಚುವ ಮೇಜು. ರೋಲರಿನಿಂದ ಬೆಡ್‌ಶೀಟು ಬಿಸಿಬಿಸಿಯಾಗಿ ಹೊರಗೆ ಬರುತ್ತದೆ. ಇಬ್ಬರು ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿದು, ಒಮ್ಮೆ ಕೊಡವಿ, ಅರ್ಧಕ್ಕೆ ಮಡಚಿ, ಒಬ್ಬರ ಹತ್ತಿರ ಒಬ್ಬರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಆಮೇಲೆ ಒಬ್ಬರು ಬಗ್ಗಿ ಕೆಳಗಿನ ಮಡಿಕೆ ಎತ್ತಿಕೊಂಡು ಮತ್ತೆ ಹಿಂದೆ ಸರಿಯಬೇಕು. ದಿನಕ್ಕೆ ನಾನೂರು ಬೆಡ್‌ಶೀಟು. ಅಂದರೆ ನಾನೂರು ಸಲವಾದರೂ ಎದುರಿನವರ ಮುಖ ಒಂದು ಗೇಣು ದೂರಕ್ಕೆ ಬರುತ್ತದೆ. ನನ್ನ ಎದುರಿಗೆ ನಿಂತವಳು ಎಷ್ಟಕ್ಕ.

ಹತ್ತು ಬೆಡ್‌ಶೀಟು ಮುಗಿಯುವುದರೊಳಗೆ ಕೇಳಿದಳು. "ನಿಂಗೆಷ್ಟು ಕೊಡ್ತಾರೆ?"

ನಾನು ಕೇಳಿಸದವಳ ಹಾಗೆ ಹಿಂದೆ ಸರಿದೆ. ಹೋಗುವುದಾದರೂ ಎಲ್ಲಿಗೆ, ಬೆಡ್‌ಶೀಟಿನ ಇನ್ನೊಂದು ತುದಿ ಅವಳ ಕೈಯಲ್ಲಿತ್ತು. ಮತ್ತೆ ಹತ್ತಿರ ಬಂದಾಗ ಅವಳು ನನ್ನನ್ನೇ ನೋಡುತ್ತಿದ್ದಳು. ತಪ್ಪಿಸಿಕೊಳ್ಳಲು, "ನಿಮಗೆಷ್ಟಕ್ಕ?" ಅಂದೆ.

"ನಂಗೆ ಹನ್ನೊಂದು ಸಾವಿರದ ಇನ್ನೂರು. ಸೇರಿ ಹದಿನಾಲ್ಕು ವರ್ಷ ಆಯ್ತು" ಅಂದಳು, ಏನೂ ಮುಚ್ಚಿಡದೆ.

ನನ್ನ ಕೈಯಲ್ಲಿದ್ದ ಮೂಲೆ ಜಾರಿತು. ಹದಿನಾಲ್ಕು ವರ್ಷ ಅದೇ ಮೇಜಿನ ಮುಂದೆ ನಿಂತವಳಿಗೆ ಹನ್ನೊಂದು. ಬೆಡ್‌ಶೀಟು ಕೊಡವುವುದಕ್ಕೂ ಬಾರದ ನನಗೆ ಹದಿಮೂರು. ನಿಜ ಹೇಳುವುದಕ್ಕೆ ಬಾಯಿ ಬರಲಿಲ್ಲ. ಮ್ಯಾನೇಜರು ಹೇಳಬೇಡಿ ಅಂದಿದ್ದಾರೆ ಅನ್ನುವುದೊಂದು. ಅದಕ್ಕಿಂತ ಹೆಚ್ಚಾಗಿ, ಅವಳ ಮುಖ ಅಷ್ಟು ಹತ್ತಿರದಲ್ಲಿತ್ತು.

"ಹತ್ತು ಸಾವಿರ" ಅಂದುಬಿಟ್ಟೆ.

ಅವಳು ನಿಂತಳು. "ಹತ್ತೇನಾ? ಹತ್ತರಲ್ಲಿ ಏನಾಗುತ್ತೆ ತಾಯಿ ಈ ಕಾಲದಲ್ಲಿ. ಆರು ತಿಂಗಳು ಆಗಲಿ, ಹೋಗಿ ಕೇಳೋಣ. ನಾನೂ ನಿನ್ನ ಜೊತೆ ಬರ್ತೀನಿ."

ಒಂದು ಸುಳ್ಳಿನಿಂದ ವಿಷಯ ಮುಗಿಯಿತು ಅಂದುಕೊಂಡೆ. ಅವತ್ತು ಮಧ್ಯಾಹ್ನ ಚಹಾದವನು ಬಂದಾಗ ನಾನು ಚಿಲ್ಲರೆ ತೆಗೆಯುವಷ್ಟರಲ್ಲಿ ಎಷ್ಟಕ್ಕ ನನ್ನ ಲೋಟದ ದುಡ್ಡೂ ಕೊಟ್ಟಾಗಿತ್ತು. "ಇರಲಿ ಬಿಡು. ನಂಗೆ ನಿನಗಿಂತ ಸಾವಿರದ ಇನ್ನೂರು ಜಾಸ್ತಿ ಬರುತ್ತೆ" ಅಂದಳು. ಮಾರನೆಯ ದಿನವೂ ಅಷ್ಟೇ. ನಾನು ಬೇಡ ಅಂದಷ್ಟೂ ಅವಳಿಗೆ ನನ್ನ ಮೇಲೆ ಕರುಣೆ ಹೆಚ್ಚಿತು. ಚಳಿ ಶುರುವಾದಾಗ ಮಗಳು ಹಾಕಿ ಬಿಟ್ಟ ಸ್ವೆಟರ್ ತಂದುಕೊಟ್ಟಳು. ಗುಂಡಿಗಳನ್ನೆಲ್ಲ ಬಿಚ್ಚಿ ಹೊಸದಾಗಿ ಹೊಲಿದಿದ್ದಳು. ನಾನು ಅದನ್ನು ಹಾಕಿಕೊಂಡು ಅವಳ ಎದುರಿಗೆ ನಿಂತು ಬೆಡ್‌ಶೀಟು ಮಡಚುತ್ತಿದ್ದೆ. ಸ್ವೆಟರ್ ಬೆಚ್ಚಗೇ ಇತ್ತು. ಒಳಗೆ ಮಾತ್ರ ನನಗೆ ಹಿಂಸೆಯಾಗುತ್ತಿತ್ತು.

ಗಂಡನಿಗೆ ಹೇಳಿದೆ. "ಹೇಳಿ ಯಾರಿಗೇನು ಲಾಭ? ಅವಳಿಗೆ ನೋವು, ನಿನಗೆ ಕೆಲಸಕ್ಕೆ ಸಂಚಕಾರ. ಅಷ್ಟಕ್ಕೂ ಕೇಳಿದ್ದು ಅವಳದೇ ತಪ್ಪು" ಅಂದ. ಆ ಕೊನೆಯ ಮಾತು ನನಗೆ ತುಂಬಾ ಹಿಡಿಸಿತು. ಹೌದು, ಕೇಳಿದ್ದು ಅವಳ ತಪ್ಪು. ಯಾರಾದರೂ ಹಾಗೆ ಕೇಳುತ್ತಾರಾ? ಅದನ್ನೇ ನನಗೆ ನಾನು ಹೇಳಿಕೊಳ್ಳುತ್ತಾ ಹಲವು ತಿಂಗಳು ಕಳೆದೆ.

ಒಂದು ದಿನ ಕರೆಂಟು ಹೋಗಿ ರೋಲರು ನಿಂತಿತು. ಎಲ್ಲರೂ ಹಿತ್ತಲ ಕಡೆ ಗಾಳಿಗೆ ಹೋದರು. ನಾವಿಬ್ಬರು ಮಾತ್ರ ದಿಂಬಿನ ಕವರುಗಳ ರಾಶಿಯ ಮುಂದೆ ಕೂತಿದ್ದೆವು. ನಾನು ಕೇಳಿದೆ, "ಅಕ್ಕ, ಎಲ್ಲರನ್ನೂ ಹೀಗೆ ಕೇಳ್ತೀಯಲ್ಲ, ನಿನಗೆ ಸಂಕೋಚ ಆಗಲ್ವಾ?" ಅಷ್ಟರಲ್ಲಿ ನಮ್ಮ ನಡುವೆ ಬಹುವಚನ ಹೋಗಿತ್ತು.

"ಮೊದಲು ಆಗ್ತಿತ್ತು. ನಿನಗಿಂತ ಜಾಸ್ತಿ" ಅಂದಳು. ಕೈಯಲ್ಲಿದ್ದ ಕವರನ್ನು ತಿರುವಿ ಹೊಲಿಗೆ ನೋಡುತ್ತಾ ಹೇಳತೊಡಗಿದಳು.

ಲಾಂಡ್ರಿಗೆ ಬರುವ ಮೊದಲು ಅವಳು ಒಂಬತ್ತು ವರ್ಷ ಅಂಗಿ ಗುಂಡಿ ಮಾಡುವ ಕಾರ್ಖಾನೆಯಲ್ಲಿದ್ದಳು. ಒಡೆದ ಗುಂಡಿ ಆರಿಸಿ ತೆಗೆದು, ಒಳ್ಳೆಯದನ್ನು ರಟ್ಟಿನ ಮೇಲೆ ಡಜನ್ನಿನಂತೆ ಹೊಲಿಯುವ ಕೆಲಸ. ಪಕ್ಕದಲ್ಲಿ ಒಬ್ಬ ಗೆಳತಿ. ಇಬ್ಬರೂ ಒಂದೇ ವಾರದಲ್ಲಿ ಸೇರಿದವರು, ಒಂದೇ ದೀಪದ ಕೆಳಗೆ ಕೂತು ಕೆಲಸ ಮಾಡಿದವರು. ಗೆಳತಿಯ ಹೆರಿಗೆ, ಇವಳ ಗಂಡನ ಕಾಯಿಲೆ, ಅತ್ತೆ ನಾದಿನಿಯರ ಕಿರಿಕಿರಿ, ಎಲ್ಲವನ್ನೂ ಹಂಚಿಕೊಂಡಿದ್ದರು. ಸಂಬಳವೊಂದನ್ನು ಬಿಟ್ಟು.

"ಗರ್ಭಪಾತ ಆಗಿದ್ದನ್ನ ಅವಳು ತನ್ನ ತಾಯಿಗೂ ಹೇಳದೆ ನಂಗೆ ಹೇಳಿದ್ಲು ಕಣೇ. ಆದ್ರೆ ಸಂಬಳ ಕೇಳೋದು ಮರ್ಯಾದೆ ಅಲ್ಲ ಅಂತ ಇಬ್ರೂ ಅಂದ್ಕೊಂಡಿದ್ವಿ."

ಗಂಡನಿಗೆ ವರ್ಗವಾಗಿ ಗೆಳತಿ ಕೆಲಸ ಬಿಟ್ಟಳು. ಕೊನೆಯ ದಿನ ಇಬ್ಬರೂ ತಬ್ಬಿಕೊಂಡು ಅತ್ತರು. ಅಳುತ್ತಲೇ ಗೆಳತಿ, "ಬೇರೆ ಕಡೆ ಇಷ್ಟು ಯಾರು ಕೊಡ್ತಾರೆ ಹೇಳು" ಅಂತ ತನ್ನ ಸಂಬಳ ಎಷ್ಟು ಅಂತ ಹೇಳಿದಳು. ಅದು ಇವಳದಕ್ಕಿಂತ ಮೂರನೇ ಒಂದು ಪಾಲು ಹೆಚ್ಚಿತ್ತು. ಇವಳ ಮುಖ ನೋಡಿ ಗೆಳತಿಯ ಅಳು ನಿಂತುಹೋಯಿತು. ಇಬ್ಬರಿಗೂ ಒಂದೇ ಅಂತ ಗೆಳತಿಯೂ ಒಂಬತ್ತು ವರ್ಷ ನಂಬಿದ್ದಳು.

"ಮೇಲ್ವಿಚಾರಕರ ಹತ್ರ ಹೋದೆ. ಅವರು ಕೆಟ್ಟವರಲ್ಲ. ಫೈಲು ತೆಗೆದು ನೋಡಿದ್ರು. ಆಮೇಲೆ ಅಂದ್ರು, ಆಯಮ್ಮ ಸೇರೋವಾಗ ಇಷ್ಟು ಬೇಕು ಅಂತ ಕೇಳಿದ್ರು, ನೀವು ಕೇಳಲಿಲ್ಲ. ಆಮೇಲೂ ನೀವು ಯಾವತ್ತೂ ಕೇಳಲೇ ಇಲ್ಲವಲ್ಲಮ್ಮ, ಅಂತ."

ಅದೇ ವರ್ಷ ಅವಳ ಮಗಳು ನರ್ಸಿಂಗ್ ಓದಬೇಕು ಅಂತ ಹಟ ಹಿಡಿದು, ಫೀಸು ಹೊಂದದೆ ಸುಮ್ಮನಾಗಿದ್ದಳು. ಈಗ ಚಪ್ಪಲಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಾಳೆ. "ಒಂಬತ್ತು ವರ್ಷದ್ದು ಸೇರಿಸಿದ್ರೆ ಫೀಸು ಕಟ್ಟಿ ಮಿಗ್ತಿತ್ತು. ಮಗಳು ಯಾವತ್ತೂ ಅದನ್ನ ಆಡಿ ತೋರಿಸಿಲ್ಲ. ಅವಳಿಗೆ ಈ ಲೆಕ್ಕ ಗೊತ್ತೂ ಇಲ್ಲ" ಅಂದಳು.

ನಾನು ರಾಶಿಯಿಂದ ಇನ್ನೊಂದು ಕವರು ಎತ್ತಿಕೊಂಡೆ. ಅವಳೇ ಮುಂದುವರಿಸಿದಳು. "ನೀನೇ ನೋಡು. ಕೆಲಸ ಕೊಡೋರು, ಹಿಂದೆ ಎಷ್ಟು ತಗೋತಿದ್ರಿ ಅಂತ ಕೇಳ್ತಾರೆ. ಬಾಡಿಗೆಗೆ ಮನೆ ನೋಡೋಕೆ ಹೋದ್ರೆ ಅವರು ಕೇಳ್ತಾರೆ. ಸಾಲ ಕೊಡೋರು ಕೇಳ್ತಾರೆ, ಹೆಣ್ಣು ಕೊಡೋರು ಕೇಳ್ತಾರೆ. ಅವರು ಯಾರಿಗೂ ನಾಚಿಕೆ ಇಲ್ಲ. ಒಂದೇ ಬೆಡ್‌ಶೀಟಿನ ಎರಡು ತುದಿ ಹಿಡ್ಕೊಂಡಿರೋ ನಾವು ಕೇಳಿದ್ರೆ ಮಾತ್ರ ನಾಚಿಕೆಗೇಡು."

ಕರೆಂಟು ಬಂತು. ರೋಲರು ಗುಂಯ್ ಅಂತ ತಿರುಗತೊಡಗಿತು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಗುತ್ತಿರಲಿಲ್ಲ. ಆದರೂ ಹೇಳಲಿಲ್ಲ. ಎದ್ದು ಹೋಗಿ ನನ್ನ ಜಾಗದಲ್ಲಿ ನಿಂತೆ.

ಇದಾದ ಸುಮಾರು ಒಂದು ತಿಂಗಳಿಗೆ ಎಷ್ಟಕ್ಕ ಒಂದು ಸೋಮವಾರ ಕೆಲಸಕ್ಕೆ ಬಂದವಳು ಮಾತೇ ಆಡಲಿಲ್ಲ. ಕಣ್ಣು ಊದಿತ್ತು. ಅವತ್ತು ಹೊಸದಾಗಿ ಬಂದಿದ್ದ ವ್ಯಾನ್ ಡ್ರೈವರನ್ನೂ ಅವಳು ಏನೂ ಕೇಳಲಿಲ್ಲ. ಬಾಯ್ಲರಿನವನು, "ಏನು ಎಷ್ಟಕ್ಕ, ಇವರನ್ನ ಬಿಟ್ಟುಬಿಟ್ಟೆ?" ಅಂತ ಕೆಣಕಿದ. ಅವಳು ತಲೆ ಎತ್ತಲಿಲ್ಲ.

ಎರಡು ದಿನ ಬಿಟ್ಟು ನನಗೆ ಹೇಳಿದಳು. ಭಾನುವಾರ ಮಗಳ ಮನೆಗೆ ಊಟಕ್ಕೆ ಹೋಗಿದ್ದಾಳೆ. ಅಳಿಯನ ಅಣ್ಣ ಅತ್ತಿಗೆಯೂ ಬಂದಿದ್ದರು. ಅಣ್ಣನಿಗೆ ಕೆಲಸದಲ್ಲಿ ಬಡ್ತಿ ಸಿಕ್ಕಿತ್ತು. ಇವಳು ಅಭ್ಯಾಸದಂತೆ, "ಈಗ ಎಷ್ಟಾಯ್ತು?" ಅಂದಳು. ಅಣ್ಣ ಖುಷಿಯಿಂದ ಹೇಳಿದ. ಇವಳು ಅದೇ ಉಸಿರಿನಲ್ಲಿ ಅಳಿಯನ ಕಡೆ ತಿರುಗಿ, "ನಿಮಗೆ ಈ ವರ್ಷ ಎಷ್ಟು ಜಾಸ್ತಿ ಮಾಡಿದ್ರು ಅಳಿಯಂದ್ರೇ?" ಅಂದಳು.

ಅಳಿಯ ಬಾಯಿಗೆ ಇಡಲು ಹೋದ ತುತ್ತನ್ನು ತಟ್ಟೆಗೆ ಇಳಿಸಿದ. ಎದ್ದು ಕೈ ತೊಳೆದ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಸಂಜೆ ಗೊತ್ತಾಯಿತು: ಅವನಿಗೆ ಕೆಲಸ ಹೋಗಿ ಆರು ವಾರವಾಗಿತ್ತು. ಹೆಂಡತಿಗೆ ಹೇಳಿರಲಿಲ್ಲ. ದಿನಾ ಬೆಳಗ್ಗೆ ಊಟದ ಡಬ್ಬಿ, ಸಲಕರಣೆಯ ಚೀಲ ತೆಗೆದುಕೊಂಡು ಹೊರಟು, ಪಾರ್ಕಿನಲ್ಲಿ ಕೂತು, ಡಬ್ಬಿ ಖಾಲಿ ಮಾಡಿ ಮನೆಗೆ ಬರುತ್ತಿದ್ದ.

"ಮಗಳು ಒಂದೇ ಮಾತು ಅಂದ್ಲು. ನಿನಗೆ ಅವರ ಸಂಬಳ ಯಾಕಮ್ಮ ಬೇಕಿತ್ತು, ಅದೂ ಎಲ್ಲರ ಎದುರಿಗೆ, ಅಂತ. ಇನ್ನು ಕರೆಯೋವರೆಗೂ ಮನೆಗೆ ಬರಬೇಡ ಅಂದ್ಲು." ಎಷ್ಟಕ್ಕ ಬೆಡ್‌ಶೀಟಿನ ಮಡಿಕೆಯನ್ನು ಅಂಗೈಯಿಂದ ಒತ್ತಿ ಒತ್ತಿ ಸರಿಮಾಡಿದಳು. "ಅವಳು ಹೇಳಿದ್ದು ಸರಿ. ನಂಗೆ ಆಗಿದ್ದು ಇನ್ನೊಬ್ಬರಿಗೂ ಆಗಿರುತ್ತೆ ಅಂತ ನಾನು ಊರೆಲ್ಲ ಕೇಳ್ಕೊಂಡು ತಿರುಗಿದೆ. ಕೇಳಿಸಿಕೊಂಡೋರ ಹೊಟ್ಟೇಲಿ ಏನಿದೆ ಅಂತ ನೋಡಲೇ ಇಲ್ಲ. ಸಾಕು. ಇನ್ಮೇಲೆ ಯಾರನ್ನೂ ಕೇಳಲ್ಲ."

ಮಾತಿನಂತೆ ನಡೆದುಕೊಂಡಳು. ತಮಾಷೆ ಅಂದರೆ, ಅವಳು ಕೇಳಿದಾಗ ಮುಖ ಸಿಂಡರಿಸುತ್ತಿದ್ದವರಿಗೆಲ್ಲ ಈಗ ಏನೋ ಕಳೆದುಕೊಂಡ ಹಾಗಾಯಿತು. ಬಾಯ್ಲರಿನವನು ಅವಳನ್ನು ಹಳೆಯ ಹೆಸರಿನಿಂದ ಕರೆಯುವುದನ್ನೇ ಬಿಟ್ಟ.

ನನಗೆ ಮಾತ್ರ ಬೇರೆ ಥರ ಕಾಟ ಶುರುವಾಯಿತು. ಅಳಿಯನ ವಿಷಯದಲ್ಲಿ ಅವಳ ಪ್ರಶ್ನೆ ತಪ್ಪಾಗಿರಬಹುದು. ಆದರೆ ನನ್ನ ವಿಷಯದಲ್ಲಿ ಅದು ಸರಿಯಾದ ಪ್ರಶ್ನೆ, ಸರಿಯಾದ ಜಾಗ. ಉತ್ತರ ತಪ್ಪು ಕೊಟ್ಟವಳು ನಾನು. ಗುಂಡಿ ಕಾರ್ಖಾನೆಯ ಗೆಳತಿಯಾದರೂ ತಿಳಿಯದೆ ಸುಮ್ಮನಿದ್ದಳು. ನಾನು ತಿಳಿದೂ ತಿಳಿದೂ ಅವಳ ದುಡ್ಡಿನಲ್ಲಿ ಚಹಾ ಕುಡಿಯುತ್ತಿದ್ದೆ.

ಒಂದು ಗುರುವಾರ, ಊಟದ ಬಿಡುವಿಗೆ ಇನ್ನೂ ಅರ್ಧ ಗಂಟೆ ಇತ್ತು. ಮಡಿಕೆಗೆ ಹತ್ತಿರ ಬಂದಾಗ, "ಅಕ್ಕ, ನಂಗೆ ಹತ್ತಲ್ಲ. ಹದಿಮೂರು" ಅಂದೆ.

ಅವಳು ನನ್ನ ಕೈಯಿಂದ ಮೂಲೆ ತೆಗೆದುಕೊಂಡಳು. ಬಗ್ಗಿ ಮಡಿಕೆ ಎತ್ತಿದಳು. ಹಿಂದೆ ಸರಿದಳು. ಮತ್ತೆ ಬಂದಾಗ ಕೇಳಿದಳು, "ಈಗ ಜಾಸ್ತಿ ಮಾಡಿದ್ರಾ?"

"ಇಲ್ಲ."

"ಮೊದಲನೇ ದಿನದಿಂದಾನಾ?"

"ಹೂಂ."

ಊಟದವರೆಗೆ ಮೂವತ್ತೋ ನಲವತ್ತೋ ಬೆಡ್‌ಶೀಟು ಮಡಚಿದೆವು. ಪ್ರತಿ ಸಲ ಅವಳ ಮುಖ ಹತ್ತಿರ ಬಂದಾಗ ನಾನು ಕಣ್ಣು ಕೆಳಗೆ ಹಾಕಿದೆ. ಅವತ್ತು ಚಹಾದವನು ಬಂದಾಗ ಅವಳು ತನ್ನೊಬ್ಬಳ ಲೋಟದ ದುಡ್ಡು ಮಾತ್ರ ಕೊಟ್ಟಳು. ನಾಲ್ಕು ದಿನ ಅಷ್ಟೇ: ಕೆಲಸಕ್ಕೆ ಬೇಕಾದಷ್ಟು ಮಾತು, ಅದರ ಮೇಲೊಂದು ಇಲ್ಲ. ನನಗೆ ಅವಳು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಐದನೆಯ ದಿನ ಬಂದವಳೇ, "ನೀನು ಸುಳ್ಳು ಹೇಳಿದ್ದಕ್ಕೆ ಸಿಟ್ಟಿಲ್ಲ. ಎಲ್ಲರೂ ಹೇಳ್ತಾರೆ. ಆದ್ರೆ ಕಡಿಮೆ ಅಂತ ಯಾಕೆ ಹೇಳಿದೆ? ಹೇಳಲ್ಲ ಅಂದಿದ್ರೆ ಆಗ್ತಿರಲಿಲ್ವಾ?" ಅಂದಳು.

"ನಿನಗೆ ಬೇಜಾರಾಗುತ್ತೆ ಅಂತ."

"ನಂಗೆ ಬೇಜಾರಾಗುತ್ತೆ ಅಂತಾನೋ, ನಿನಗೆ ಮುಜುಗರ ಆಗುತ್ತೆ ಅಂತಾನೋ?"

"ಎರಡೂ" ಅಂದೆ.

"ಸರಿ" ಅಂದಳು. "ನಾನು ಮ್ಯಾನೇಜರ್ ಹತ್ರ ಹೋಗಬೇಕು. ನಿನ್ನ ಸಂಬಳ ಹೇಳದೆ ಕೇಳೋಕಾಗಲ್ಲ. ಹೇಳಿದ್ರೆ ನಿನಗೆ ತೊಂದರೆ ಆಗಬಹುದು. ನೀನು ಬೇಡ ಅಂದ್ರೆ ಹೋಗಲ್ಲ."

ಹದಿನಾಲ್ಕು ವರ್ಷ ಎಲ್ಲರ ಸಂಬಳವನ್ನೂ ಎಗ್ಗಿಲ್ಲದೆ ಕೇಳಿದವಳು ನನ್ನ ಸಂಬಳ ಹೇಳಲು ನನ್ನ ಅಪ್ಪಣೆ ಕೇಳುತ್ತಿದ್ದಳು. ಬೇಡ ಅನ್ನಲು ನನಗೆ ತುಂಬಾ ಆಸೆಯಾಯಿತು. ಗಂಡನಿಗೆ ಇನ್ನೂ ಸರಿಯಾದ ಕೆಲಸ ಸಿಕ್ಕಿರಲಿಲ್ಲ. ಚಿಕ್ಕಪ್ಪನ ಮುಖ ಕಣ್ಮುಂದೆ ಬಂತು.

"ನಾನೂ ಬರ್ತೀನಿ" ಅಂದೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ನನಗೇ ತಿಳಿಯಲಿಲ್ಲ.

ಮ್ಯಾನೇಜರ ಮೇಜಿನ ಎದುರಿಗೆ ಇದ್ದದ್ದು ಒಂದೇ ಕುರ್ಚಿ. ಅವರು ಎಷ್ಟಕ್ಕನಿಗೆ ಕೂರಲು ಹೇಳಿದರು. ಅವಳು ಕೂರಲಿಲ್ಲ. ತಗ್ಗಿದ ದನಿಯಲ್ಲಿ, ನನಗೆ ಹನ್ನೊಂದು ಇನ್ನೂರು, ಇವಳಿಗೆ ಹದಿಮೂರು, ಕೆಲಸ ಒಂದೇ, ನಾನು ಸೇರಿ ಹದಿನಾಲ್ಕು ವರ್ಷ ಆಯ್ತು, ಯಾಕೆ ಹೀಗೆ ಅಂತ ಕೇಳಿದಳು. ಅಷ್ಟೇ. ಗುಂಡಿ ಕಾರ್ಖಾನೆಯ ಕಥೆ ತೆಗೆಯಲಿಲ್ಲ, ಕಣ್ಣೀರು ಹಾಕಲಿಲ್ಲ.

ಮ್ಯಾನೇಜರು ನನ್ನನ್ನು ನೋಡಿದರು. "ಇವರಿಗೆ ಯಾರು ಹೇಳಿದ್ದು?"

"ನಾನೇ ಸರ್."

"ನಾನು ಮೊದಲನೇ ದಿನವೇ ಏನು ಹೇಳಿದ್ದೆ? ನಿಮ್ಮ ಚಿಕ್ಕಪ್ಪನ ಮುಖ ನೋಡಿ ಕೊಟ್ಟಿದ್ದು ಅದು."

"ಅದು ಗೊತ್ತಾಯ್ತು ಸರ್" ಅಂದಳು ಎಷ್ಟಕ್ಕ. "ಚಿಕ್ಕಪ್ಪನ ಮುಖಕ್ಕೆ ಎಷ್ಟು, ಕೆಲಸಕ್ಕೆ ಎಷ್ಟು ಅಂತ ಬಿಡಿಸಿ ಹೇಳಿದ್ರೆ, ನಾನು ಕೆಲಸದ್ದಷ್ಟೇ ಕೇಳ್ತೀನಿ."

ಅವಳು ವ್ಯಂಗ್ಯ ಮಾಡಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಮ್ಯಾನೇಜರು ಪೆನ್ನಿನ ಕ್ಯಾಪು ತೆಗೆದರು, ಹಾಕಿದರು. ಯಜಮಾನರನ್ನು ಕೇಳಿ ಹೇಳುತ್ತೇನೆ ಅಂದರು.

ಮುಂದಿನ ತಿಂಗಳಿಂದ ಅವಳಿಗೆ ಹನ್ನೆರಡು ಸಾವಿರದ ಎಂಟುನೂರು ಆಯಿತು. ಹಿಂದಿನದಕ್ಕೆ ಏನೂ ಇಲ್ಲ. ಹದಿಮೂರು ಯಾಕೆ ಮಾಡಲಿಲ್ಲ, ಆ ಇನ್ನೂರು ಯಾಕೆ ಉಳಿಸಿಕೊಂಡರು ಅನ್ನುವುದು ಇವತ್ತಿಗೂ ಗೊತ್ತಿಲ್ಲ. ತಾವು ಸೋತ ಹಾಗೆ ಅವರಿಗೆ ಅನ್ನಿಸಬಾರದು ಅಂತ ಇರಬೇಕು. ರೋಲರಿನ ಹತ್ತಿರ ಕೆಲಸ ಮಾಡುವ ಇಬ್ಬರು ಹೆಂಗಸರಿಗೂ ಸ್ವಲ್ಪ ಸ್ವಲ್ಪ ಏರಿತು. ನನಗೆ ಮಾತ್ರ ಎರಡು ವರ್ಷ ಒಂದು ಕಾಸೂ ಏರಲಿಲ್ಲ. ಚಿಕ್ಕಪ್ಪ ಮನೆಗೇ ಬಂದು, ನಿಂತುಕೊಂಡೇ ಮಾತಾಡಿ ಹೋದರು. "ನನ್ನ ಮಾತಿಗೆ ಬೆಲೆ ಇತ್ತು ಆ ಮನುಷ್ಯನ ಹತ್ರ. ನೀನು ಅದನ್ನ ಕಳೆದೆ" ಅಂದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಆಮೇಲೆ ಒಂದು ವರ್ಷ ಅವರು ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ಸಂಬಳ ಏರಿದ ವಾರ ಎಷ್ಟಕ್ಕ ಅಳಿಯನನ್ನು ಹುಡುಕಿಕೊಂಡು ಪಾರ್ಕಿಗೆ ಹೋದಳು. ಅವನು ಈಗ ಕದ್ದು ಕೂರಬೇಕಾಗಿರಲಿಲ್ಲ. ಆದರೂ ಮನೆಯಲ್ಲಿರಲಾರದೆ ಅಲ್ಲಿಗೇ ಬರುತ್ತಿದ್ದ. ಅವಳು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳಂತೆ. ತಪ್ಪಾಯ್ತು ಅಂದಳು. ಅವನು ಪರವಾಗಿಲ್ಲ ಅಂದ. ಸುಮ್ಮನೆ ಕೂರಲಾರದೆ ಅವಳು, ಮನೆಯಲ್ಲಿ ಯಾರಿಗೂ ಹೇಳದಿದ್ದ ಗುಂಡಿ ಕಾರ್ಖಾನೆಯ ವಿಷಯ, ಮಗಳ ಫೀಸಿನ ವಿಷಯ, ಎಲ್ಲ ಹೇಳಿದಳು.

"ನನ್ನ ಅವಮಾನ ನಾನು ಹೇಳಿದ್ಮೇಲೆ ಅವರು ಬಾಯಿಬಿಟ್ರು" ಅಂತ ನನಗೆ ಹೇಳಿದಳು. "ನಾನು ಕೇಳಲೇ ಇಲ್ಲ ಕಣೇ. ಹಿಂದೆ ಎಷ್ಟು ಬರ್ತಿತ್ತು, ಈಗ ಎಲ್ಲೆಲ್ಲಿ ಕೆಲಸ ಕೇಳಿದ್ದಾರೆ, ಯಾರ್ಯಾರು ಎಷ್ಟು ಹೇಳಿದ್ರು, ಎಲ್ಲ ಅವರಾಗೇ ಹೇಳಿದ್ರು."

ಎರಡು ತಿಂಗಳ ಮೇಲೆ ಅವನಿಗೆ ಬೇರೊಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಒಪ್ಪಿಕೊಳ್ಳುವ ಮೊದಲು ಅಲ್ಲಿ ಇರುವವರಿಗೆ ಎಷ್ಟು ಕೊಡುತ್ತಾರೆ ಅಂತ ಒಂದು ಸಲ ವಿಚಾರಿಸಿ ನೋಡಿ ಅಂತ ಅವಳು ಸೂಚಿಸಿದಳು. "ನಾನು ನಿಮ್ಮ ಹಾಗಲ್ಲ ಅತ್ತೆ, ನಂಗೆ ಬಾಯಿ ಬರಲ್ಲ" ಅಂದ ಅವನು. ಕೊಟ್ಟಷ್ಟಕ್ಕೆ ಒಪ್ಪಿ ಸೇರಿದ. ಅವಳು ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದಳಂತೆ. ಅಷ್ಟು ಕಷ್ಟ ತನ್ನ ಜೀವಮಾನದಲ್ಲಿ ಪಟ್ಟಿಲ್ಲ ಅಂದಳು. ಆ ತಿಂಗಳ ಕೊನೆಯಲ್ಲಿ ಮಗಳು ಫೋನ್ ಮಾಡಿ ಊಟಕ್ಕೆ ಕರೆದಳು.

ಲಾಂಡ್ರಿಯಲ್ಲಿ ಅವಳು ಮತ್ತೆ ಶುರುಮಾಡಿದಳು, ಆದರೆ ದಾರಿ ಬದಲಾಗಿತ್ತು. ಹೊಸಬರು ಬಂದರೆ ಒಂದೆರಡು ವಾರ ಬಿಟ್ಟು, ಪಕ್ಕದಲ್ಲಿ ಬೇರೆ ಯಾರೂ ಇಲ್ಲದಾಗ, "ನಂಗೆ ಹನ್ನೆರಡು ಎಂಟುನೂರು ಕೊಡ್ತಾರೆ" ಅನ್ನುತ್ತಿದ್ದಳು. ಅಷ್ಟು ಹೇಳಿ ಕೆಲಸ ಮುಂದುವರಿಸುತ್ತಿದ್ದಳು. ಕೆಲವರು ಅಲ್ಲೇ ಹೇಳುತ್ತಿದ್ದರು. ಕೆಲವರು ತಿಂಗಳಾದ ಮೇಲೆ ಹೇಳುತ್ತಿದ್ದರು. ಟವೆಲ್ ಲೆಕ್ಕ ಇಡುವ ಒಬ್ಬಾಕೆ ಮಾತ್ರ, "ನಂದು ನನ್ನ ಹತ್ರಾನೇ ಇರಲಿ ಬಿಡಿ" ಅಂದುಬಿಟ್ಟರು. "ಇರಲಿ" ಅಂದಳು ಎಷ್ಟಕ್ಕ. ಆಮೇಲೂ ಅವರನ್ನು ಮಾತಾಡಿಸುವುದು ಬಿಡಲಿಲ್ಲ, ಮನಸ್ಸಿನಲ್ಲೂ ಏನೂ ಇಟ್ಟುಕೊಳ್ಳಲಿಲ್ಲ.

ಸಂಬಳ ಕೇಳುವುದು ಒರಟುತನವೋ ಅಲ್ಲವೋ ಅಂತ ನನ್ನನ್ನು ಕೇಳಿದರೆ ಈಗಲೂ ಥಟ್ಟನೆ ಹೇಳಲಾರೆ. ಊಟಕ್ಕೆ ಕೂತವನ ಕೈಯಿಂದ ತುತ್ತು ಕೆಳಗಿಳಿಸಿದ ಪ್ರಶ್ನೆಯೂ ಅದೇ, ನನ್ನ ಸುಳ್ಳನ್ನು ಹೊರಗೆ ತೆಗೆದ ಪ್ರಶ್ನೆಯೂ ಅದೇ. ನಾನು ಇಂದಿಗೂ ಯಾರನ್ನೂ ಕೇಳಿಲ್ಲ. ನನಗೆ ಅಷ್ಟು ಧೈರ್ಯವಿಲ್ಲ. ಆದರೆ ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಮಂಡಿ ನೋವು ಜಾಸ್ತಿಯಾಗಿ ಹೋದ ವರ್ಷ ಎಷ್ಟಕ್ಕ ಕೆಲಸ ಬಿಟ್ಟಳು. ಈಗ ಮಗಳ ಮನೆಯಲ್ಲೇ, ಹಿಂದಿನ ಕೋಣೆಯಲ್ಲಿ ಇದ್ದಾಳೆ. ಮೊನ್ನೆ ಬಿಡುವಿದ್ದಾಗ ನೋಡಲು ಹೋಗಿದ್ದೆ. ಮಗಳು ಬಾಗಿಲು ತೆಗೆದು, ನಾನು ಯಾರು ಅಂತ ತಿಳಿದ ಮೇಲೆ ನಗುತ್ತಾ, ತಗ್ಗಿದ ದನಿಯಲ್ಲಿ ಕೇಳಿದಳು, "ನಮ್ಮಮ್ಮ ಅಲ್ಲಿ ನಿಮಗೆಲ್ಲ ತುಂಬಾ ಕಾಟ ಕೊಟ್ಟಳಾ?"

"ಹೂಂ, ಕೊಟ್ಟಳು" ಅಂದೆ.

"ಯಾರದು, ಏನು ಗುಸುಗುಸು?" ಅಂತ ಒಳಗಿನಿಂದ ದನಿ ಬಂತು. ಎಷ್ಟಕ್ಕ ಗೋಡೆ ಹಿಡಿದುಕೊಂಡು ನಿಧಾನವಾಗಿ ನಡೆದು ಬಂದಳು. ನನ್ನನ್ನು ನೋಡಿ ಮುಖ ಅರಳಿತು. ಮಗಳು ಕುರ್ಚಿ ಎಳೆದು ಹಾಕಿದಳು. ಅವಳು ಅದರಲ್ಲಿ ಕೂತು, ಕಾಲು ಚಾಚಿಕೊಂಡು, ಸಂಬಳದ ಮಾತೇ ಎತ್ತದೆ, ಹೊಸ ರೋಲರು ಬಂತಂತೆ ಹೌದಾ, ಅದರಲ್ಲಿ ಬೆಡ್‌ಶೀಟಿನ ಅಂಚು ಸುಕ್ಕಾಗುತ್ತಾ ಇಲ್ಲವಾ ಅಂತ ವಿಚಾರಿಸತೊಡಗಿದಳು.